ಅಂಗಳದ ಕೋಳಿ, ಅಂಗಡಿಯ ಕೋಳಿ

ವಿಜಯಪುರದಿಂದ ಹೊರಡುವ ಹಳೆಯ ದಾರಿಗಳಲ್ಲಿ ಒಂದು ತಿಕೋಟಾದ ಮೇಲೆ ಹಾಯ್ದು ಅಥಣಿಯ ಸೀಮೆಯನ್ನು ಸೇರುತ್ತದೆ. ಇನ್ನೊಂದು ಸಾರವಾಡದ ಬಳಿ ಡೋಣಿಯನ್ನು ದಾಟಿ, ಬಬಲೇಶ್ವರವನ್ನು ಮುಟ್ಟಿ, ಗಲಗಲಿಯಲ್ಲಿ ಕೃಷ್ಣೆಯನ್ನು ಕಂಡು, ಮುಧೋಳದತ್ತ ಸಾಗುತ್ತದೆ. ಈಚಿನ ವರ್ಷಗಳಲ್ಲಿ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟು ತಾವೇ ತಾಲ್ಲೂಕು ಕೇಂದ್ರಗಳೆನಿಸಿದ ತಿಕೋಟಾ, ಬಬಲೇಶ್ವರ ಎರಡೂ ಊರುಗಳ ಸುತ್ತಣ ನೆಲ ಬಿಳಿಜೋಳಕ್ಕೂ ದ್ರಾಕ್ಷಿಗೂ ಹೆಸರಾದುದೇ ಹೊರತು ಕೋಳಿಸಾಕಣೆಗೆ ಎಂದೂ ಹೆಸರಾದುದಲ್ಲ. ಆದರೂ, ಮನೆಯ ಅಂಗಳದಲ್ಲಿ ಮೇದು ಹೊಸ್ತಿಲ ಮುಂದೆಯೇ ಕೊಯ್ಯಲ್ಪಡುತ್ತಿದ್ದ ಹಕ್ಕಿಯು ಎಲ್ಲಿಯೋ ಬೆಳೆದು, ಲಾರಿಯಲ್ಲಿ ಬಂದು, ಅಂಗಡಿಯ ಪಂಜರದಲ್ಲಿ ಕುಳಿತು, ತಕ್ಕಡಿಯಲ್ಲಿ ತೂಗಿ ಮಾರಲ್ಪಡುವ ಸರಕಾದ ಕಥೆಯನ್ನು ಇಲ್ಲಿನ ಒಂದು ತಲೆಮಾರಿನ ನೆನಪಿನೊಳಗೇ ಓದಿಕೊಳ್ಳಬಹುದು. ಆ ಕಥೆಯೊಳಗೆ ಇನ್ನೊಂದು ಕಥೆ ಅಡಗಿದೆ. ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಯು ಮನುಷ್ಯನ ಔಷಧಗಳಿಗೆ ಜಗ್ಗದಂತೆ ಆದುದು ಕೇವಲ ಆ ಜೀವಿಯ ಚಾತುರ್ಯದಿಂದಲ್ಲ. ಹಕ್ಕಿಯ ಮೇಲೆ ಮೊದಲು ಇದ್ದ ಮನುಷ್ಯನ ಕಣ್ಣು ಸರಿದು, ಆ ಸ್ಥಾನದಲ್ಲಿ ಔಷಧವು ಕುಳಿತುದರಿಂದ. ಇದನ್ನು ಆದ್ಯಂತವಾಗಿ ನೋಡುವುದು ಈ ಬರೆಹದ ಉದ್ದೇಶ.

ಜವಾರಿ ಕೋಳಿಯೆಂದು ಈ ಸೀಮೆಯವರು ಕರೆಯುವ ನಾಡುಕೋಳಿ ಹಿಂದೆ ಯಾರೂ ಬಂಡವಾಳ ಹೂಡಿ ಸಾಕಿದ ಜೀವವಾಗಿರಲಿಲ್ಲ. ಕಣದಲ್ಲಿ ಚೆಲ್ಲಿದ ಕಾಳನ್ನೂ ತಿಪ್ಪೆಯ ಹುಳುವನ್ನೂ ಹೆಕ್ಕಿ ತಿಂದು, ಹೊತ್ತು ಮುಳುಗಿದ ಮೇಲೆ ಬುಟ್ಟಿಯ ಕೆಳಗೆ ಸೇರಿ, ನಸುಕಿನಲ್ಲಿ ಮತ್ತೆ ಹೊರಬೀಳುತ್ತಿದ್ದ ಆ ಹಕ್ಕಿಯ ಯಜಮಾನಿಕೆ ಬಹುಮಟ್ಟಿಗೆ ಮನೆಯ ಹೆಂಗಸಿನದು. ತತ್ತಿ ಮಾರಿ ಬಂದ ಕಾಸು ಅವಳ ಸೆರಗಿನ ಗಂಟಿನದು. ಬಬಲೇಶ್ವರದಂತಹ ಮಠದ ಊರಿನಲ್ಲಿ ಕೋಳಿಯನ್ನು ಮುಟ್ಟದ ಮನೆಗಳು ಬಹಳ. ಮುಟ್ಟುವ ಮನೆಗಳಲ್ಲಿಯೂ ಅದು ನಿತ್ಯದ ಊಟವಲ್ಲ. ಹಬ್ಬದ ಮರುದಿನದ ಕರಿ, ದುರ್ಗವ್ವ ದ್ಯಾಮವ್ವರ ಜಾತ್ರೆ, ದರ್ಗಾದ ಹರಕೆ, ಬೀಗರ ಬರವು ಮುಂತಾದ ಕಾರಣಗಳು ಒದಗಿದಾಗ ಮಾತ್ರ ಒಂದು ಹುಂಜಕ್ಕೆ ಕಾಲ ಬರುತ್ತಿದ್ದಿತು. ಕೊಯ್ಯುವ ಕಾರ್ಯಕ್ಕೆ ಮುಸಲ್ಮಾನರ ಮನೆಗಳಲ್ಲಿ ಮಾತ್ರವಲ್ಲದೆ ಮಾಂಸಾಹಾರಿಗಳಾದ ಅನೇಕ ಹಿಂದೂ ಮನೆಗಳಲ್ಲಿಯೂ ಊರ ಮುಲ್ಲಾರನ್ನು ಕರೆಸುವ ರೂಢಿ ದಖ್ಖನದ ಹಳ್ಳಿಗಳಲ್ಲಿ ಉಂಟಾಗಿದ್ದು, ಅವರ ಈ ಸೇವೆಗೆ ಸುಗ್ಗಿಯ ಕಾಳಿನಲ್ಲಿ ಪಾಲು ಸಲ್ಲುತ್ತಿದ್ದಿತು.

ಈ ರೂಢಿಯನ್ನು ಆರೋಗ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ, ಯಾರೂ ಬರೆದಿಡದಿದ್ದ ಕೆಲವು ಕಟ್ಟಳೆಗಳು ಅದರೊಳಗೆ ಕಾಣಿಸುತ್ತವೆ. ಕೊಯ್ಯುವ ಹಕ್ಕಿಯನ್ನು ಅದು ಮರಿಯಾಗಿದ್ದಾಗಿನಿಂದ ಮನೆಯವರೆಲ್ಲರೂ ಕಂಡಿರುತ್ತಿದ್ದರು. ಮಂಕಾಗಿ ಮೂಲೆ ಹಿಡಿದ ಕೋಳಿ ಯಾವುದು, ಚುರುಕಾಗಿ ಕೆದಕುವ ಕೋಳಿ ಯಾವುದು ಎಂಬುದು ಅವರಿಗೆ ಕೇಳಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಕೊಯ್ದ ಹಕ್ಕಿಯ ಪುಕ್ಕ ಕಿತ್ತು, ಉರಿಯ ಮೇಲೆ ಸುಟ್ಟು, ಅರಿಶಿನ ಹಚ್ಚಿ, ತೊಳೆದು, ಒಡನೆಯೇ ಒಲೆಗೇರಿಸುತ್ತಿದ್ದರು. ಕಲ್ಲಿನಲ್ಲಿ ಅರೆದ ಮಸಾಲೆಯೊಡನೆ ಬಹಳ ಹೊತ್ತು ಕುದಿದ ಆ ಸಾರು ಅಂದಿನ ರೊಟ್ಟಿಯೊಡನೆ ಅಂದೇ ಮುಗಿಯುತ್ತಿದ್ದಿತು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲಿನ ನಾಡಿನಲ್ಲಿ ಹಸಿ ಮಾಂಸವನ್ನು ಇಟ್ಟುಕೊಳ್ಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಗೆಂದು ಆ ಕಾಲವನ್ನು ನಿರ್ಮಲವೆಂದು ಹೊಗಳಬೇಕಾಗಿಲ್ಲ. ತಿಪ್ಪೆಯಲ್ಲಿ ಮೇಯುವ ಹಕ್ಕಿಯ ಕರುಳಿನಲ್ಲಿಯೂ ರೋಗಾಣುಗಳಿರುತ್ತವೆ. ಕೊಕ್ಕರೆ ರೋಗವೆಂದು ನಾವು ಕರೆಯುವ ರಾಣಿಖೇತ ರೋಗ ಹೊಕ್ಕ ಓಣಿಯಲ್ಲಿ ಕೆಲವೇ ದಿನಗಳಲ್ಲಿ ಒಂದು ಕೋಳಿಯೂ ಉಳಿಯುತ್ತಿರಲಿಲ್ಲ. ಆದರೆ ರೋಗವು ಬಂದರೆ ಬಹುಮಟ್ಟಿಗೆ ಆ ಸುತ್ತಿನಲ್ಲೇ ಮುಗಿಯುತ್ತಿದ್ದಿತು. ಅದನ್ನು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೊತ್ತೊಯ್ಯುವ ಇಂದಿನಂತಹ ವ್ಯಾಪಾರವಿರಲಿಲ್ಲ.

ಶಾಸ್ತ್ರಜ್ಞಾನದ ವಿಷಯಕ್ಕೆ ಬಂದರೆ, ಈ ನೆಲವನ್ನಾಳಿದ ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಆ ವಂಶದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ಅದೇ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅರಮನೆಯ ಮಾಂಸಪಾಕಗಳ ವರ್ಣನೆಯೂ ಹುಂಜಗಳ ಕಾಳಗದ ವಿನೋದವೂ ಬರುತ್ತವೆ. ಎತ್ತು ಉಳುಮೆಗೆ ಬೇಕು, ಹಸು ಹಯನಿಗೆ ಬೇಕು. ಆದುದರಿಂದ ಅವುಗಳ ರೋಗಕ್ಕೆ ಮದ್ದು ಅರೆಯುವವರು ಹಳ್ಳಿಗೊಬ್ಬರಾದರೂ ಇದ್ದರು. ಕೋಳಿಗಾಗಿ ವೈದ್ಯನನ್ನು ಕರೆದವರಿಲ್ಲ. ಈ ಉಪೇಕ್ಷೆಯಿಂದ ಬಡವಿಯ ಗಂಟು ಕರಗಿದುದೇನೋ ನಿಜ. ಅದರ ಜೊತೆಗೆ ಇನ್ನೊಂದು ನಿಜವೂ ಉಂಟು. ಸಾವಿರಾರು ವರ್ಷ ಮನುಷ್ಯನೊಡನೆ ಬಾಳಿದ ಈ ಹಕ್ಕಿಗೆ ಔಷಧವೆಂಬುದು ಹೊಕ್ಕದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಮತ್ತು ಅದು ಹೊಕ್ಕದ್ದು ರೋಗ ಕಳೆಯಲು ಮಾತ್ರವಲ್ಲ, ತೂಕ ಹೆಚ್ಚಿಸಲು ಕೂಡ.

ಕೋಳಿಯನ್ನು ಉಪೇಕ್ಷಿಸಿದ ಈ ನಾಡು ನೀರನ್ನು ಉಪೇಕ್ಷಿಸಿರಲಿಲ್ಲ. ಕರುಳಿನ ಜ್ವರಗಳಿಗೂ ನೀರಿಗೂ ಇರುವ ನಂಟು ಶಾಸ್ತ್ರವಾಗಿ ಗೊತ್ತಾಗುವ ಮೊದಲೇ, ಒಳ್ಳೆಯ ನೀರಿಲ್ಲದೆ ನಗರವಿಲ್ಲವೆಂಬುದನ್ನು ವಿಜಯಪುರದ ಆದಿಲಶಾಹಿ ಅರಸರು ಅರಿತಿದ್ದರು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಕಾಲುವೆಯಲ್ಲಿ ಬಂದ ನೀರು, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ, ನೀರಿನ ಒತ್ತಡವನ್ನು ಅಂಕೆಯಲ್ಲಿಡಲು ದಾರಿಯುದ್ದಕ್ಕೂ ಕಟ್ಟಿದ ಗಂಜುಗಳೆಂಬ ಗೋಪುರಗಳು ಇದಕ್ಕೆ ಸಾಕ್ಷಿ. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಪಟ್ಟಣ ಬಿದ್ದ ಮೇಲೆ ಜನವೂ ಕುಗ್ಗಿತು, ಕಾಲುವೆಗಳೂ ಹೂಳಿಗೆ ತುತ್ತಾದುವು. ಪಾಳುಬಿದ್ದ ಆ ಊರು ಮತ್ತೆ ಆಡಳಿತದ ಪೀಠವಾದುದು ಎರಡು ಶತಮಾನಗಳ ತರುವಾಯ: 1884ರ ಹೊತ್ತಿಗೆ ಹೊಟಗಿಯಿಂದ ಗದಗಿಗೆ ಹೋಗುವ ರೈಲು ಇಲ್ಲಿ ಹಾಯ್ದಿತು, 1885ರಲ್ಲಿ ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು.

ಆ 1885ರಲ್ಲಿಯೇ ಅಮೇರಿಕದ ಪಶುಸಂಗೋಪನ ಇಲಾಖೆಯಲ್ಲಿ ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಯು, ಹಂದಿಗಳ ಬೇನೆಯೊಂದರ ಮೂಲವನ್ನು ಹುಡುಕುತ್ತ, ಒಂದು ಹೊಸ ದಂಡಾಣುವನ್ನು ಬೇರ್ಪಡಿಸಿದನು. ಇಲಾಖೆಯ ಮುಖ್ಯಾಧಿಕಾರಿ ಡೇನಿಯಲ್ ಎಲ್ಮರ್ ಸಾಲ್ಮನ್ ಎಂಬ ಪಶುವೈದ್ಯ. ಮುಂದೆ ಆ ಅಣುಕುಲಕ್ಕೆಲ್ಲ ನಿಂತದ್ದು ಆ ಮೇಲಧಿಕಾರಿಯ ಹೆಸರು. ಅದಕ್ಕೆ ಐದು ವರ್ಷ ಮುಂಚೆ, 1880ರಲ್ಲಿ, ಎಬರ್ಟ್ ಎಂಬ ಜರ್ಮನ್ ಪಂಡಿತನು ವಿಷಮಶೀತಜ್ವರದಿಂದ ಸತ್ತವರ ದೇಹದಲ್ಲಿ ಕಂಡಿದ್ದ ಅಣುವೂ ಇದೇ ಕುಲದ್ದೆಂಬುದು ಬಳಿಕ ಸ್ಥಿರಪಟ್ಟಿತು. 1888ರಲ್ಲಿ ಜರ್ಮನಿಯ ಫ್ರಾಂಕೆನ್‌ಹೌಸೆನ್ ಎಂಬ ಊರಿನಲ್ಲಿ ರೋಗಿಷ್ಠ ಹಸುವೊಂದರ ಮಾಂಸವನ್ನು ತಿಂದು ಹಲವು ಮಂದಿ ಹಾಸಿಗೆ ಹಿಡಿದಾಗ, ಗೆರ್ಟ್ನರ್ ಎಂಬಾತನು ಆ ಮಾಂಸದಲ್ಲಿಯೂ ಸತ್ತ ಒಬ್ಬ ಮನುಷ್ಯನ ಅಂಗದಲ್ಲಿಯೂ ಒಂದೇ ಅಣುವನ್ನು ಕಂಡು, ಊಟದಿಂದ ಬರುವ ವಿಷಕ್ಕೆ ಜೀವವಿರುವ ಕಾರಣವುಂಟೆಂದು ತೋರಿಸಿಕೊಟ್ಟನು.

ಈ ಕುಲದಲ್ಲಿ ಮೂರು ಬಗೆಗಳನ್ನು ಬೇರೆಯಾಗಿ ನೋಡದಿದ್ದರೆ ಕೋಳಿಯ ಮೇಲೆ ಇಲ್ಲದ ಅಪವಾದ ಹೊರಿಸಿದಂತಾದೀತು. ಮೊದಲನೆಯದು ವಿಷಮಶೀತಜ್ವರದ ಅಣು. ಜನ ಟಾಯಿಫಾಯ್ಡ್ ಎನ್ನುವ ಆ ರೋಗ ಮನುಷ್ಯನಿಂದ ಮನುಷ್ಯನಿಗೆ, ಕೊಳೆ ಬೆರೆತ ನೀರು ಅನ್ನಗಳ ಮೂಲಕ, ಬರುವುದೇ ಹೊರತು ಕೋಳಿಯಿಂದಲ್ಲ. ಎರಡನೆಯದು ಹಕ್ಕಿಯನ್ನೇ ಕೊಲ್ಲುವಂತಹುದು: ತತ್ತಿಯ ಮೂಲಕವೇ ತಾಯಿಯಿಂದ ಮರಿಗೆ ಇಳಿದು, ಬಿಳಿಯ ಭೇದಿಯಿಂದ ಮರಿಗಳನ್ನು ಸಾಲಾಗಿ ಕೆಡಹುವ ಪುಲ್ಲೋರಂ, ಮತ್ತು ಬೆಳೆದ ಕೋಳಿಗಳಿಗೆ ತಗಲುವ ಕೋಳಿಯ ಟಾಯಿಫಾಯ್ಡ್. ಇವು ಸಾಕಣೆದಾರನ ಮನೆಯನ್ನು ಮುಳುಗಿಸುತ್ತವೆ, ಮನುಷ್ಯನ ದೇಹಕ್ಕೆ ಬಹಳ ತೊಂದರೆ ಕೊಡುವುದಿಲ್ಲ. ಮೂರನೆಯದೇ ನಮ್ಮ ಪ್ರಸ್ತುತ ವಿಷಯ. ಎಂಟೆರೈಟಿಡಿಸ್, ಟೈಫಿಮ್ಯೂರಿಯಂ, ಕೆಂಟಕಿ ಮುಂತಾದ ಹೆಸರಿನ ಈ ಬಗೆಗಳು ಕೋಳಿಯ ಕರುಳಿನಲ್ಲಿ ಸದ್ದಿಲ್ಲದೆ ವಾಸಮಾಡುತ್ತವೆ. ಹಕ್ಕಿ ಆರೋಗ್ಯವಾಗಿ ಕಾಣುತ್ತದೆ, ತೂಕವೂ ಸರಿಯಾಗಿ ಬರುತ್ತದೆ. ಅದನ್ನು ತಿಂದವನಿಗೋ, ಅದನ್ನು ಕಡಿದ ಈಳಿಗೆಯಿಂದ ಸೌತೆಕಾಯಿ ಹೆಚ್ಚಿದ ಮನೆಯವರಿಗೋ ಹೊಟ್ಟೆನೋವು, ಭೇದಿ, ಜ್ವರ ಕಾಣಿಸುತ್ತವೆ. ಗಟ್ಟಿಮುಟ್ಟಾದವರು ನೀರು ಉಪ್ಪು ಕುಡಿದು ನಾಲ್ಕಾರು ದಿನಗಳಲ್ಲಿ ಏಳುತ್ತಾರೆ. ಕೂಸುಗಳಲ್ಲಿ, ಮುದುಕರಲ್ಲಿ, ಬೇರೆ ಬೇನೆಯಿಂದ ಬಳಲಿದವರಲ್ಲಿ ಅಣುವು ರಕ್ತಕ್ಕೆ ಇಳಿದಾಗ ಔಷಧವೊಂದೇ ಗತಿ. ಆಗ ಆ ಔಷಧ ನಾಟದೆ ಹೋದರೆ ಎಂಬುದು ಇಂದಿನ ಭಯ.

ಕೋಳಿಯು ಅಂಗಳವನ್ನು ಬಿಟ್ಟುಹೋದ ಕಾಲವನ್ನು ಹೀಗೆ ಗುರುತಿಸಬಹುದು. ಎರಡನೆಯ ಪಂಚವಾರ್ಷಿಕ ಯೋಜನೆಯ ಸುಮಾರಿಗೆ ಭಾರತ ಸರಕಾರವು ಉತ್ತಮ ತಳಿಗಳನ್ನು ಹಬ್ಬಿಸಲು ಪ್ರಾಂತೀಯ ಕೋಳಿಕೇಂದ್ರಗಳನ್ನು ತೆರೆಯತೊಡಗಿತು. ಬೆಂಗಳೂರಿನ ಬಳಿಯ ಹೆಸರಘಟ್ಟವು ಅಂತಹವುಗಳಲ್ಲಿ ಒಂದು. 1971ರ ಅನಂತರ ದೇಶದೊಳಗೇ ದೊಡ್ಡ ಮರಿಕೇಂದ್ರಗಳು ಎದ್ದುವು. 1982ರಲ್ಲಿ ತತ್ತಿಯ ಬೆಲೆಯನ್ನು ಸಾಕಣೆದಾರರೇ ನಿಶ್ಚಯಿಸಲು ರಾಷ್ಟ್ರೀಯ ತತ್ತಿ ಸಮನ್ವಯ ಸಮಿತಿ ಹುಟ್ಟಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಿಲ ಸಾಕಣೆಗೆಂದೇ ಗಿರಿರಾಜವೆಂಬ ತಳಿಯನ್ನು ಕೊಟ್ಟರು. ಆದರೆ ಪೇಟೆಯನ್ನು ಗೆದ್ದುದು ಮಾಂಸಕ್ಕಾಗಿಯೇ ತಯಾರಾದ, ಜನ ಬಾಯ್ಲರ್ ಎಂದು ಕರೆಯುವ ಬಿಳಿಯ ಹಕ್ಕಿ. ಆರು ವಾರಗಳೊಳಗೆ ಎರಡು ಕಿಲೋ ತೂಗುವ ಆ ಹಕ್ಕಿಯನ್ನು ಸಾವಿರಗಟ್ಟಲೆಯಾಗಿ ಒಂದೇ ಚಪ್ಪರದಡಿ ಬೆಳೆಸಬೇಕು; ಮರಿ, ಮೇವು, ಔಷಧಗಳನ್ನು ಕಂಪನಿ ಕೊಡುತ್ತದೆ; ಜಾಗ, ನೀರು, ದುಡಿಮೆ ರೈತನವು; ಬೆಳೆದ ಹಕ್ಕಿಯನ್ನು ತೂಗಿ ಕಿಲೋ ಲೆಕ್ಕದಲ್ಲಿ ಸಾಕಿದ ಕೂಲಿಯನ್ನು ಕೊಡುತ್ತಾರೆ. ಈ ಏರ್ಪಾಡಿನಿಂದ ಸಣ್ಣ ರೈತನಿಗೆ ಬೆಲೆಯ ಏರಿಳಿತದ ಭಯ ತಪ್ಪಿತು, ಕೂಲಿಕಾರನ ತಟ್ಟೆಗೂ ಮಾಂಸ ಬಂದಿತು. ಇವು ಸಣ್ಣ ಉಪಕಾರಗಳಲ್ಲ. ಆದರೆ ಹಕ್ಕಿಗೆ ಏನನ್ನು ಯಾವಾಗ ಕೊಡಬೇಕೆಂಬ ನಿರ್ಧಾರ ಅದನ್ನು ತಿನ್ನುವವನ ಕೈಯಲ್ಲಿಯೂ ಇಲ್ಲ, ಎಷ್ಟೋ ವೇಳೆ ಸಾಕುವವನ ಕೈಯಲ್ಲಿಯೂ ಇಲ್ಲ.

ಔಷಧವು ಮೇವಿನೊಳಗೆ ಹೊಕ್ಕದ್ದು ಇನ್ನೂ ಮೊದಲು, ದೂರದ ದೇಶದಲ್ಲಿ. 1948ರಲ್ಲಿ ಲೆಡರ್ಲೆ ಎಂಬ ಔಷಧಸಂಸ್ಥೆಯ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿಯು ಆರಿಯೋಮೈಸಿನ್ ಎಂಬ ಹೊಸ ಜೀವಿರೋಧಕವನ್ನು ಪ್ರಕಟಪಡಿಸಿದನು. ಅದೇ ಸಂಸ್ಥೆಯ ಜ್ಯೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬವರು, ಆ ಔಷಧವನ್ನು ತೆಗೆದು ಉಳಿದ ಗಸಿಯನ್ನು ಮರಿಗಳ ಮೇವಿಗೆ ಬೆರೆಸಿ ನೋಡಿದಾಗ, ಮರಿಗಳು ಎಂದಿಗಿಂತ ಬೇಗ ಬೆಳೆದುವು. ಅಲ್ಲಿಂದ ಮುಂದೆ ರೋಗವಿಲ್ಲದ ಹಕ್ಕಿಗೂ ದಿನದಿನವೂ ಅಲ್ಪಮಾತ್ರೆಯ ಔಷಧವನ್ನು ತಿನ್ನಿಸುವ ಪದ್ಧತಿ ಲೋಕವ್ಯಾಪಿಯಾಯಿತು. ಇಕ್ಕಟ್ಟಾದ ಚಪ್ಪರವನ್ನು ಅಗಲಿಸಬೇಕಾಗಿಲ್ಲ, ಒದ್ದೆಯಾದ ಹೊಟ್ಟಿನ ಹಾಸನ್ನು ಪದೇ ಪದೇ ಬದಲಿಸಬೇಕಾಗಿಲ್ಲ, ಮಂಕಾದ ಹಕ್ಕಿಯನ್ನು ಹುಡುಕಿ ಬೇರ್ಪಡಿಸಬೇಕಾಗಿಲ್ಲ. ಇವೆಲ್ಲಕ್ಕಿಂತ ಚೀಲದೊಳಗಿನ ಪುಡಿ ಅಗ್ಗವಾಗಿದ್ದಿತು.

ಅಲ್ಪಮಾತ್ರೆಯ ದೋಷವೇನೆಂದರೆ, ಅದು ಅಣುಗಳನ್ನು ನಿರ್ಮೂಲಮಾಡದೆ ಸೋಸುತ್ತದೆ. ಕೋಟ್ಯಂತರ ಅಣುಗಳಲ್ಲಿ ದೈವವಶಾತ್ ಔಷಧವನ್ನು ತಾಳುವ ಗುಣ ಪಡೆದ ಒಂದೆರಡು ಉಳಿದು, ಮಿಕ್ಕವು ಸತ್ತು ತೆರವಾದ ಜಾಗವನ್ನೆಲ್ಲ ತಮ್ಮ ಸಂತತಿಯಿಂದ ತುಂಬುತ್ತವೆ. ಇಷ್ಟಕ್ಕೇ ಮುಗಿಯದು. 1952ರಲ್ಲಿ ಜಿಂಡರ್ ಮತ್ತು ಲೆಡರ್‌ಬರ್ಗ್ ಎಂಬವರು ಇದೇ ಸಾಲ್ಮೊನೆಲ್ಲಾದಲ್ಲಿ, ಒಂದು ಅಣುವಿನ ಆನುವಂಶಿಕ ಗುಣವನ್ನು ವೈರಾಣುವೊಂದು ಇನ್ನೊಂದು ಅಣುವಿಗೆ ಸಾಗಿಸುವುದನ್ನು ಕಂಡರು; ಆ ದಶಕ ಮುಗಿಯುವಷ್ಟರಲ್ಲಿ ಜಪಾನಿನ ವಿಜ್ಞಾನಿಗಳು, ಹಲವು ಔಷಧಗಳನ್ನು ಒಟ್ಟಿಗೆ ತಾಳುವ ಶಕ್ತಿಯು ಒಂದು ಜಾತಿಯ ಅಣುವಿನಿಂದ ಮತ್ತೊಂದು ಜಾತಿಗೆ ದಾಟುವುದನ್ನು ತೋರಿಸಿದರು. ಆದುದರಿಂದ ಕೋಳಿಯ ಕರುಳಿನಲ್ಲಿ ನಿರಪಾಯವಾಗಿರುವ ಅಣುವೊಂದು ಕಲಿತ ಪಾಠವನ್ನು ಪಕ್ಕದ ರೋಗಾಣುವೂ ಪಡೆಯಬಲ್ಲುದು. 1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿಯು, ಮನುಷ್ಯನ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಬೆಳವಣಿಗೆಗೆಂದು ಮೇವಿನಲ್ಲಿ ಬೆರೆಸಕೂಡದೆಂದು ಶಿಫಾರಸು ಮಾಡಿತು. 1976ರಲ್ಲಿ ಅಮೇರಿಕದ ಸ್ಟುವರ್ಟ್ ಲೆವಿ ಎಂಬ ವೈದ್ಯನು 300 ಮರಿಗಳಲ್ಲಿ ಅರ್ಧಕ್ಕೆ ಟೆಟ್ರಾಸೈಕ್ಲಿನ್ ಬೆರೆತ ಮೇವನ್ನು ಕೊಟ್ಟು ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದನು: ಕೆಲವು ತಿಂಗಳುಗಳೊಳಗೆ, ಆ ಔಷಧವನ್ನು ನುಂಗದಿದ್ದ ಸಾಕಣೆಯ ಮನೆಮಂದಿಯ ಕರುಳಿನಲ್ಲಿಯೂ ಅದಕ್ಕೆ ಜಗ್ಗದ ಅಣುಗಳು ನೆಲೆಸಿದ್ದುವು. 1986ರಲ್ಲಿ ಸ್ವೀಡನ್ ಈ ಪದ್ಧತಿಯನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟವೆಲ್ಲ ಅದನ್ನು ಕೈಬಿಡಲು 2006 ಆಗಬೇಕಾಯಿತು.

ಕೋಳಿಯೊಂದನ್ನೇ ಅಪರಾಧಿಯಾಗಿ ನಿಲ್ಲಿಸುವುದು ನ್ಯಾಯವಲ್ಲ. 1948ರಿಂದ ವಿಷಮಶೀತಜ್ವರಕ್ಕೆ ರಾಮಬಾಣವೆನಿಸಿದ್ದ ಕ್ಲೋರಾಂಫೆನಿಕಾಲ್ ಔಷಧವು 1972ರಲ್ಲಿ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಸೋತುದಕ್ಕೆ ಯಾವ ಕೋಳಿಯೂ ಕಾರಣವಲ್ಲ. ಮನುಷ್ಯರು ತಾವೇ ತಮಗೆ ಬೇಕಾದಂತೆ ನುಂಗಿ, ಅರ್ಧಕ್ಕೆ ಬಿಟ್ಟ ಗುಳಿಗೆಗಳ ಪಾಲು ಅದರಲ್ಲಿ ದೊಡ್ಡದು. ಜ್ವರ ಬಂದೊಡನೆ ಔಷಧದ ಅಂಗಡಿಯ ಕಟ್ಟೆಯಲ್ಲಿ ನಿಂತು ಎರಡು ಗುಳಿಗೆ ಕೇಳಿ ಪಡೆಯುವ ಗಿರಾಕಿ ಮತ್ತು ಮೇವಿನ ತೊಟ್ಟಿಗೆ ಪುಡಿ ಸುರಿಯುವ ಸಾಕಣೆದಾರ, ಇಬ್ಬರೂ ಮಾಡುತ್ತಿರುವುದು ಒಂದೇ ಕಾರ್ಯ: ರೋಗವನ್ನು ನೋಡಿ ತಿಳಿಯುವ ಶ್ರಮವನ್ನು ಔಷಧಕ್ಕೆ ವಹಿಸಿಕೊಡುವುದು.

ಇನ್ನು ಕೊಯ್ಯುವ ಕಸಬಿನ ಮಾತು. ಕರುಳಿನಲ್ಲಿರುವ ಅಣುವು ಮಾಂಸದ ಮೇಲೆ ಬರುವುದು ಕೊಯ್ದ ಬಳಿಕವೇ ಆದುದರಿಂದ, ಈ ಕಸಬಿನ ಒಂದೊಂದು ಹಂತವೂ ಮುಖ್ಯವಾದುದು. ನಮ್ಮ ಪೇಟೆಗಳ ಅಂಗಡಿಗಳಲ್ಲಿ ಬಹುಮಟ್ಟಿಗೆ ಕಾಣುವುದು ಕಬ್ಬಿಣದ ಪಂಜರ, ಕೊಯ್ದ ಹಕ್ಕಿಯನ್ನು ಹಾಕುವ ಪೀಪಾಯಿ, ಮರದ ಕೊರಡು, ಒಂದು ಕತ್ತಿ, ಒಂದು ಬಕೀಟು ನೀರು. ಗಿರಾಕಿಯ ಕಣ್ಣೆದುರಿಗೇ ಕೊಯ್ಯುವುದು ಇದರ ಹೆಗ್ಗಳಿಕೆ, ಅದು ಹಳೆಯ ರೂಢಿಯ ಉಳಿಕೆ. ಆದರೆ ಬೆಳಗಿನ ಮೊದಲ ಹಕ್ಕಿಯ ಕರುಳು ಸೋರಿದ ಕೊರಡಿನ ಮೇಲೆಯೇ ಮಧ್ಯಾಹ್ನದ ಹಕ್ಕಿಯನ್ನೂ ಕಡಿದು, ಅದೇ ಬಕೀಟಿನಲ್ಲಿ ತೊಳೆದರೆ, ಒಂದು ಹಕ್ಕಿಯ ದೋಷ ಹಲವು ಮನೆಗಳಿಗೆ ಹಂಚಿಹೋಗುತ್ತದೆ. ದೊಡ್ಡ ಕಾರ್ಖಾನೆಯ ರೀತಿಯೇ ಬೇರೆ. ಅಲ್ಲಿ ಮೊದಲೇ ಎಂಟು ಹತ್ತು ಗಂಟೆ ಮೇವು ನಿಲ್ಲಿಸಿ ಕರುಳನ್ನು ಬರಿದುಮಾಡುತ್ತಾರೆ. ಕೊಯ್ದು ರಕ್ತ ಬಸಿದ ಮೇಲೆ 50ರಿಂದ 60 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ, ರಬ್ಬರಿನ ಬೆರಳುಗಳುಳ್ಳ ಯಂತ್ರದಿಂದ ಪುಕ್ಕ ತೆಗೆದು, ಕರುಳು ಹೊರತೆಗೆದು, ತೊಳೆದು, 4 ಡಿಗ್ರಿಯಷ್ಟಕ್ಕೆ ತಣಿಸುತ್ತಾರೆ. ಅಲ್ಲಿಯೂ ಸಾವಿರ ಹಕ್ಕಿಗಳು ಮುಳುಗೆದ್ದ ಒಂದೇ ತೊಟ್ಟಿ, ಒಂದೇ ಯಂತ್ರದ ಬೆರಳು, ಹರಿದ ಒಂದು ಕರುಳು ಸಾಕು ದೋಷ ಹಬ್ಬಲು. ತಣ್ಪು ಅಣುವಿನ ಬೆಳವಣಿಗೆಯನ್ನು ತಡೆಯುತ್ತದೆ, ಕೊಲ್ಲುವುದಿಲ್ಲ, ಕೊಲ್ಲುವುದು ಒಲೆ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ, ಔಷಧಕ್ಕೆ ಜಗ್ಗದ ಅಣುವೂ ಜಗ್ಗುವ ಅಣುವೂ ಸಮಾನವಾಗಿ ಸಾಯುತ್ತವೆ. ಅಪಾಯ ಹೆಚ್ಚಾಗಿ ಇರುವುದು ಕುದಿಯುವ ಸಾರಿನಲ್ಲಲ್ಲ, ಕುದಿಯುವ ಮೊದಲು ಮಾಂಸ ಮುಟ್ಟಿದ ಕೈ, ಕತ್ತಿ, ಕಟ್ಟೆಗಳಲ್ಲಿ.

ಕಾಯಿದೆಗಳು ನಿಧಾನವಾಗಿ ಬಂದುವು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ದೃಷ್ಟಿ ಮುಖ್ಯವಾಗಿ ಕಲಬೆರಕೆಯ ಮೇಲೆ. ಆಹಾರದ ಸುರಕ್ಷತೆಯನ್ನೇ ಉದ್ದೇಶವಾಗಿಸಿಕೊಂಡ ಕಾಯಿದೆ 2006ರದು, ಅದರ ನಿಯಮಗಳು 2011ರ ಆಗಸ್ಟಿನಲ್ಲಿ ಜಾರಿಗೆ ಬಂದುವು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಆ ನಗರದ ಸುತ್ತಲಿನ 70 ಕೋಳಿಗಳ ಮಾಂಸವನ್ನು ಪರೀಕ್ಷಿಸಿ, ನೂರಕ್ಕೆ 40ರಲ್ಲಿ ಜೀವಿರೋಧಕಗಳ ಶೇಷವಿರುವುದನ್ನು ಪ್ರಕಟಿಸಿದಾಗ ವಿಷಯ ಮನೆಮಾತಾಯಿತು. 2015ರಲ್ಲಿ ಚೀನದ ವಿಜ್ಞಾನಿಗಳು, ವೈದ್ಯರ ಕಡೆಯ ಆಸರೆಗಳಲ್ಲಿ ಒಂದಾದ ಕೊಲಿಸ್ಟಿನ್ ಔಷಧವನ್ನೂ ತಾಳುವ ಗುಣವು ಅಣುವಿನಿಂದ ಅಣುವಿಗೆ ದಾಟಬಲ್ಲುದೆಂದು ತೋರಿಸಿದರು. 2019ರ ಜುಲೈ 19ರಂದು ಭಾರತ ಸರಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮಾಂಸ, ಹಾಲು, ತತ್ತಿಗಳಲ್ಲಿ ಔಷಧಶೇಷದ ಮಿತಿಯನ್ನು ಬಿಗಿಗೊಳಿಸಿದ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಯಾದುವು. ಇಲ್ಲಿ ಒಂದು ವಿವೇಚನೆ ಅವಶ್ಯ. ಶೇಷವೆಂಬುದು ಮಾಂಸದಲ್ಲಿ ಉಳಿದ ಔಷಧ. ಪ್ರತಿರೋಧವೆಂಬುದು ಅಣುವಿನಲ್ಲಿ ಉಳಿದ ಗುಣ. ಕೊಯ್ಯುವ ಮುನ್ನ ಕೆಲವು ದಿನ ಔಷಧ ನಿಲ್ಲಿಸಿದರೆ ಶೇಷವು ಇಳಿಯುತ್ತದೆ, ಪರೀಕ್ಷೆಯಲ್ಲಿ ಹಕ್ಕಿ ತೇರ್ಗಡೆಯಾಗುತ್ತದೆ; ಆದರೆ ಆ ಹಕ್ಕಿಯ ಕರುಳಿನಲ್ಲಿಯೂ ಚಪ್ಪರದ ಗೊಬ್ಬರದಲ್ಲಿಯೂ ನೆಲೆಸಿದ ಪ್ರತಿರೋಧ ಹಾಗೆಯೇ ಉಳಿದು, ಗೊಬ್ಬರದೊಡನೆ ಹೊಲಕ್ಕೂ ನೀರಿನೊಡನೆ ಹಳ್ಳಕ್ಕೂ ಹೋಗುತ್ತದೆ.

ಕೊಟ್ಟ ಔಷಧದ ಲೆಕ್ಕವಿಟ್ಟು, ನಿಲ್ಲಿಸಿದ ಮೇಲೆ ತಕ್ಕಷ್ಟು ದಿನ ಕಾಯುವ ಶಿಸ್ತು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ತಿಕೋಟಾದ ಸುತ್ತಿನ ದ್ರಾಕ್ಷಿಯ ಬೆಳೆಗಾರನು ಸಿಂಪಡಿಸಿದ ದಿನಕ್ಕೂ ಗೊನೆ ಕತ್ತರಿಸುವ ದಿನಕ್ಕೂ ನಡುವೆ ಇರಬೇಕಾದ ಅಂತರವನ್ನು ಬಲ್ಲನು. 2003ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಕಂಡು ಸರಕು ತಡೆಯಲ್ಪಟ್ಟ ಮೇಲೆ, ರಫ್ತಿನ ದ್ರಾಕ್ಷಿಗೆ ತೋಟದ ನೋಂದಣಿ, ಸಿಂಪಡಣೆಯ ದಾಖಲೆ, ಪ್ರಯೋಗಶಾಲೆಯ ಪರೀಕ್ಷೆ, ಪೆಟ್ಟಿಗೆಯಿಂದ ತೋಟದವರೆಗೆ ಹಿಮ್ಮುಖವಾಗಿ ಹುಡುಕಬಲ್ಲ ಗುರುತು, ಇವೆಲ್ಲವುಗಳನ್ನೊಳಗೊಂಡ ಗ್ರೇಪ್‌ನೆಟ್ ಎಂಬ ಏರ್ಪಾಡನ್ನು ರಫ್ತು ಅಭಿವೃದ್ಧಿಯ ಪ್ರಾಧಿಕಾರವು ಜಾರಿಗೆ ತಂದಿತು. ಹೊರದೇಶದ ಗಿರಾಕಿಯು ಕೇಳಿದನೆಂದು ಬಂದ ಕಟ್ಟುಪಾಡು ಅದು. ಒಳನಾಡಿನ ಗಿರಾಕಿಯು ಕೇಳದಿರುವುದರಿಂದಲೇ ಕೋಳಿಗೆ ಇನ್ನೂ ಅಂತಹ ಗುರುತು ಸಾರ್ವತ್ರಿಕವಾಗಿ ಬಂದಿಲ್ಲ.

ಅಂಗಳದ ಕಾಲವನ್ನು ಮರಳಿ ಕರೆಯಲಾಗದು, ಕರೆಯಬೇಕಾಗಿಯೂ ಇಲ್ಲ. ಬಡವನ ಮನೆಗೆ ತತ್ತಿ, ಮಾಂಸಗಳು ಎಟುಕುವ ಬೆಲೆಗೆ ಬಂದುದು ದೊಡ್ಡ ಚಪ್ಪರಗಳಿಂದಲೇ. ಆದರೆ ಹಿಂದೆ ಮನೆಯೊಡತಿಯ ಕಣ್ಣು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರಾದರೂ ಸಂಬಳ ಪಡೆದು, ಬರೆದಿಟ್ಟು, ಮಾಡಲೇಬೇಕು: ಚಪ್ಪರದಲ್ಲಿ ಜಾಗ, ಒಣಗಿದ ಹಾಸು, ಸಕಾಲದ ಲಸಿಕೆ, ಕಾಯಿಲೆ ಬಿದ್ದಾಗ ಪಶುವೈದ್ಯನ ಚೀಟಿ, ಕೊಟ್ಟ ಔಷಧದ ದಿನವಹಿ, ಅಂಗಡಿಯಲ್ಲಿ ಹರಿಯುವ ನೀರು, ಹಕ್ಕಿಗೊಮ್ಮೆ ತೊಳೆದ ಕತ್ತಿ, ಒಣಗಿಸಬಲ್ಲ ಕೊರಡು. ಇವುಗಳಿಗೆ ಬೀಳುವ ಖರ್ಚು ಕಿಲೋ ಒಂದಕ್ಕೆ ಕೆಲವು ರೂಪಾಯಿಗಳನ್ನು ಏರಿಸಬಹುದು. ಆ ರೂಪಾಯಿಗಳನ್ನು ಇಂದು ನಾವು ಉಳಿಸುತ್ತಿದ್ದೇವೆಂದುಕೊಂಡರೆ ಅದು ಭ್ರಮೆ. ಅವನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ನಾಟದೆ ಹೋದ ಔಷಧದ ಬದಲಿಗೆ ಬರೆದ ಇನ್ನೊಂದು ದುಬಾರಿ ಔಷಧದ ಬೆಲೆಯಾಗಿ, ಬೇರೆ ಯಾರೋ ಕೊಡುತ್ತಿರುತ್ತಾರೆ. ಆದುದರಿಂದ ಅಂಗಡಿಯ ಮುಂದೆ ನಿಂತ ಗಿರಾಕಿಯು ದರವನ್ನು ಕೇಳಿದ ಬಳಿಕ ಇನ್ನೊಂದು ಪ್ರಶ್ನೆಯನ್ನೂ ರೂಢಿಮಾಡಿಕೊಳ್ಳಬೇಕು: ಈ ಹಕ್ಕಿಗೆ ಯಾವ ಔಷಧ ಕೊಟ್ಟಿದ್ದರು, ಯಾವ ದಿನ ನಿಲ್ಲಿಸಿದರು? ಮೊದಮೊದಲು ಇದಕ್ಕೆ ಉತ್ತರ ಸಿಗದು. ಕೇಳುವವರು ಹೆಚ್ಚಿದಂತೆ ಅಂಗಡಿಯವನು ಲಾರಿಯವನನ್ನು, ಲಾರಿಯವನು ಚಪ್ಪರದವನನ್ನು, ಚಪ್ಪರದವನು ಕಂಪನಿಯನ್ನು ಕೇಳುವಂತಾಗುವುದು. ದ್ರಾಕ್ಷಿಯ ವಿಷಯದಲ್ಲಿ ಆದುದೂ ಇದೇ ಕ್ರಮದಿಂದ.